ಎಡಗಡೆ ಸೀಟಿನ ಸದ್ದು

ಇದು ಖರೇ ನಡೆದದ್ದು. ಇದರೊಳಗೆ ಒಂದೇ ಒಂದು ಸುಳ್ಳಿದೆ, ಅದೂ ನನ್ನದೇ. ಅದು ಬಂದಾಗ ನಾನೇ ಬೆರಳಿಟ್ಟು ತೋರಿಸುತ್ತೇನೆ, ನೀವು ಹುಡುಕುವ ಕಷ್ಟ ಬೇಡ.

ನಾನು ಪ್ರಿಯಾ. ಕೊಟ್ಟೂರಿನವಳು, ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಸೀಟಿ, ಕುಕ್ಕರಿನ ಮೂರನೇ ವಿಷಲ್ಲು, ‘ನೀವು ಕರೆ ಮಾಡಿದ ಚಂದಾದಾರರು’ ಎನ್ನುವ ಫೋನಿನ ಹೆಂಗಸು, ಯಾವುದನ್ನು ಒಮ್ಮೆ ಕೇಳಿದರೂ ನನ್ನ ಬಾಯಿಗೆ ಬರುತ್ತದೆ. ಇಂಥವಳಿಗೆ ಸಿಕ್ಕ ಕೆಲಸವೆಂದರೆ ದಿನಾ ಏಳು ತಾಸು ‘ನಿಶ್ಶಬ್ದ’ ಎಂಬ ಬೋರ್ಡಿನ ಕೆಳಗೆ ಕೂತಿರುವುದು.

ಹುಲುಗೇಶನನ್ನು ನಾನು ಮೊದಲು ನೋಡಿದ್ದು ಕಾಲಿನ ಕಡೆಯಿಂದ.

ಮಾಗಿಯ ಬೆಳಗು. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಬಳ್ಳಿಯನ್ನು ಟಾರ್ ರಸ್ತೆಗೇ ಹಾಸುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ಹಾಯ್ದು ಹಾಯ್ದು ಪುಕ್ಕಟೆ ಒಕ್ಕಿಕೊಟ್ಟು ಹೋಗುತ್ತವೆ. ಇದೆಲ್ಲ ಎತ್ತರದ ಗಾಡಿಗಳ ಕೆಲಸ. ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವ ಕೆಂಪು ಸ್ಪೋರ್ಟ್ಸ್ ಕಾರು ಹಾಯ್ದರೆ ಏನಾಗುತ್ತದೆ ಎಂಬುದನ್ನು ಅವತ್ತು ನಮ್ಮ ಇಡೀ ಬಸ್ಸು ಇಳಿದು ನೋಡಿತು. ಬಳ್ಳಿ ಚಕ್ರಕ್ಕೂ ಹೊಟ್ಟೆಗೂ ಸುತ್ತಿಕೊಂಡು ಕಾರು ನಡುರಸ್ತೆಯಲ್ಲಿ ಕಾವಿಗೆ ಕೂತ ಕೋಳಿಯ ಹಾಗೆ ಕೂತಿತ್ತು. ಅದರಡಿಯಿಂದ ಎರಡು ಕಾಲು ಹೊರಗೆ ಚಾಚಿದ್ದವು.

ಹುರುಳಿ ಹಾಕಿದ್ದ ಹಂಪಕ್ಕ ಸೊಂಟಕ್ಕೆ ಕೈಯಿಟ್ಟು ಆ ಕಾಲುಗಳಿಗೇ ಹೇಳುತ್ತಿದ್ದಳು: “ಒಕ್ಕು ಅಂತ ಹಾಕಿದ್ರ ನಿನ್ ಕಾರು ತಿಂದ ಬಿಟ್ಟೈತಲ್ಲಪ್ಪಾ.”

ಬಳ್ಳಿ ಎಳೆಯಲಿ ಅಂತ ನಾನು ಬಗ್ಗಿ ಛತ್ರಿಯ ಕೊಕ್ಕೆ ಹಿಡಿಕೆಯನ್ನು ಒಳಗೆ ಚಾಚಿದೆ. ಒಂದು ಕೈ ಅದನ್ನು ಹಿಡಿದುಕೊಂಡಿತು. ಕಾಲು ತಾಸಿನ ಮೇಲೆ ಅವನು ಪೂರ್ತಿಯಾಗಿ ಹೊರಗೆ ಬಂದ. ಹುಬ್ಬಿನಲ್ಲಿ ಹೊಟ್ಟು, ಮೂಗಿಗೆ ಗ್ರೀಸು. ಬೇರೆ ಯಾರಾದರೂ ಆಗಿದ್ದರೆ ಹಂಪಕ್ಕನ ಜೊತೆ ಜಗಳ ತೆಗೆಯುತ್ತಿದ್ದರು. ಇವನು ಕಿತ್ತ ಬಳ್ಳಿಯನ್ನೆಲ್ಲ ಒಂದೊಂದಾಗಿ ಕೊಡವಿ, ಕಾಳು ಚೆಲ್ಲದ ಹಾಗೆ ವಾಪಸು ರಸ್ತೆಗೆ ಹಾಸಿಕೊಟ್ಟ. ನಾನು ಅದನ್ನೇ ನೋಡುತ್ತಾ ನಿಂತೆ. ಬಸ್ಸು ನನ್ನನ್ನು ಬಿಟ್ಟು ಪಕ್ಕಕ್ಕೆ ಸರಿದು ಹೋಗಿಯೇಬಿಟ್ಟಿತು.

ಹಾಗೆ ಮೊದಲ ಸಲ ಆ ಕಾರಿನಲ್ಲಿ ಕೂತೆ. ಕೂತೆ ಅನ್ನುವುದಕ್ಕಿಂತ ಇಳಿದೆ ಅನ್ನಬೇಕು, ಬಾವಿಗೆ ಇಳಿದ ಹಾಗೆ.

ಅವನು ಲೈಸೆನ್ಸ್ ಇರುವ ಸರ್ವೇಯರ್. ಇದ್ದದ್ದು ನಮ್ಮ ಕೊಟ್ಟೂರಿನಲ್ಲೇ, ಆಫೀಸು ಹರಪನಹಳ್ಳಿಯಲ್ಲಿ. ಹೊಲ ಅಳೆಯಲು ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಎಲ್ಲ ಕಡೆ ತಿರುಗುತ್ತಿದ್ದ. ಅಳತೆಯ ಟ್ರೈಪಾಡಿನ ಮೂರು ಕಾಲು ಕಿಟಕಿಯಿಂದ ಹೊರಗೆ ಇಣುಕುತ್ತಿದ್ದವು. ಕಾರಿಗೆ ಇವನು ನಾಲ್ಕನೆಯ ಯಜಮಾನ. ಮೀಟರಿನಲ್ಲಿ ಎರಡು ಲಕ್ಷದ ನಲವತ್ತೊಂದು ಸಾವಿರ ಕಿಲೋಮೀಟರು. ಇಷ್ಟು ಓಡಿದ್ದನ್ನು ಯಾಕೆ ತಗೊಂಡಿರಿ ಅಂತ ಕೇಳಿದೆ. ಓಡಿ ಓಡಿ ದಣಿದಿದ್ದಕ್ಕೇ ನನ್ನ ಕೈಗೆ ಸಿಕ್ತು ಅಂದ.

ಮರುದಿನದಿಂದ ಬೆಳಿಗ್ಗೆ ಎಂಟೂವರೆಗೆ ಕಾರು ಬಸ್‌ಸ್ಟ್ಯಾಂಡಿನ ಎದುರು, ಸಂಜೆ ಕಾಲೇಜಿನ ಎದುರು ನಿಲ್ಲತೊಡಗಿತು. ನಾನು ‘ಸರ್ವೇಯರ್ ಸರ್’ ಅನ್ನುತ್ತಿದ್ದೆ, ಅವನು ‘ಮೇಡಂ’ ಅನ್ನುತ್ತಿದ್ದ. ಗುಟ್ಟು ಮಾಡುವ ಪ್ರಶ್ನೆಯೇ ಇರಲಿಲ್ಲ. ಆ ಕಾರಿನ ಸೈಲೆನ್ಸರು ಹೆಸರಿಗೆ ಮಾತ್ರ ಸೈಲೆನ್ಸರು, ಎರಡು ಓಣಿ ಆಚೆಯಿಂದಲೇ ಡಂಗುರ ಸಾರುತ್ತಿತ್ತು. ಅವ್ವ ದುರುಗಮ್ಮ ರೊಟ್ಟಿ ಬಡಿಯುತ್ತಲೇ, “ನಿನ್ನ ಕೆಂಪನೇದು ಬಂತು ನೋಡು” ಅನ್ನುತ್ತಿದ್ದಳು. ಕೆಂಪನೇದು ಎಂದರೆ ಕಾರೋ ಅವನೋ ಅಂತ ನಾನು ಕೇಳಲು ಹೋಗಲಿಲ್ಲ.

ಒಂದು ದಿನ ಹಡಗಲಿಯ ತೋಟ ಅಳೆದು ಬಂದವನು ಒಂದು ಮೊಳ ಮಲ್ಲಿಗೆ ತಂದು ಕನ್ನಡಿಗೆ ನೇತುಹಾಕಿದ್ದ. ಆಯಿಲ್ ವಾಸನಿ ಹೋಗ್ಲಿ ಅಂತ ಅಂದ. ನಾನು ಅದನ್ನು ಬಿಚ್ಚಿ ಮುಡಿದುಕೊಂಡೆ. ಆಮೇಲೆ ಊರು ಮುಟ್ಟುವ ತನಕ ಅವನು ಹನ್ನೊಂದು ಸಲ ಆ ಕನ್ನಡಿಯನ್ನು ನೋಡಿದ. ಹಿಂದೆ ಒಂದು ಗಾಡಿಯೂ ಇರಲಿಲ್ಲ. ಅವನು ಹೊಲ ಸರ್ವೆ ಮಾಡುವವನು, ನಾನು ಅವನನ್ನೇ ಸರ್ವೆ ಮಾಡುತ್ತಿದ್ದೆ. ಕಿವಿಯ ಹಿಂದಿನ ಮಚ್ಚೆ, ಗೇರು ಬದಲಿಸುವ ಮುಂಚೆ ಒಮ್ಮೆ ಬಿಚ್ಚಿ ಮುಚ್ಚುವ ಬೆರಳು, ಎಲ್ಲ ನನ್ನ ನಕ್ಷೆಗೆ ಬಂದಿದ್ದವು.

ತೊಂದರೆ ಒಂದೇ. ಬಸ್ಸು ಒಂದೂಕಾಲು ತಾಸು ತಗೊಳ್ಳುತ್ತಿತ್ತು, ಈ ಕಾರು ಅರ್ಧ ತಾಸಿನಲ್ಲಿ ಮನೆ ಮುಟ್ಟಿಸುತ್ತಿತ್ತು.

ಈಗ ಆ ಸುಳ್ಳು ಬಂತು.

ಒಂದು ಸಂಜೆ ಬಾಗಳಿ ಕಡೆಗೆ ದಾರಿ ಒಡೆಯುವ ಹತ್ತಿರ ಹಂಪ್ ಹಾರಿದೆವು. ನಾನು ಮುಖವನ್ನು ಕಿಟಕಿಗೆ ತಿರುಗಿಸಿ, ವೇಲಿನ ಅಂಚು ಬಾಯಿಗೆ ಇಟ್ಟುಕೊಂಡು, ಹಲ್ಲಿನ ಹಿಂದೆ ನಾಲಿಗೆ ಒತ್ತಿದೆ. ಸಡಿಲಾದ ಬೋಲ್ಟಿನ ‘ಟಿಕ್ಕ ಟಿಕ್ಕ ಟಿಕ್ಕ’, ಕೊನೆಗೆ ಎಣ್ಣೆ ಕಾಣದ ಬಾಗಿಲಿನ ‘ಕುಂಯ್’.

ಹುಲುಗೇಶನ ಕಾಲು ಆಕ್ಸಿಲರೇಟರಿನಿಂದ ಮೇಲೆದ್ದಿತು.

“ಕೇಳಿಸ್ತೇನ್ರಿ ಮೇಡಂ?”

“ಏನ್ರಿ?”

ಅವನು ಹುಣಸೆಮರದಡಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದ. ಇಂಜಿನ್ನಿಗೆ ಕಿವಿ ಕೊಟ್ಟು, ಡಾಕ್ಟರು ಮಗುವಿನ ಎದೆ ನೋಡುವ ಹಾಗೆ ಕಣ್ಣು ಮುಚ್ಚಿ ನಿಂತ. ಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಿದ್ದವು, ಅವುಗಳ ನೆರಳು ಅವನ ಬೆನ್ನ ಮೇಲೆ ಬಂದು ಹೋಗಿ ಮಾಡುತ್ತಿತ್ತು. ಇಪ್ಪತ್ತು ನಿಮಿಷ. ಇಡೀ ದಿನದಲ್ಲಿ ನನಗೆ ಬೇಕಾಗಿದ್ದದ್ದು ಆ ಇಪ್ಪತ್ತು ನಿಮಿಷ ಮಾತ್ರ.

ಆಮೇಲೆ ಸದ್ದು ರೂಢಿಯಾಯಿತು. ಕಾರು ಅವನದು, ಕಾರುಬಾರು ನನ್ನದು. ಬೆಳಿಗ್ಗೆ ಡ್ಯೂಟಿಗೆ ತಡವಾಗುತ್ತದಲ್ಲ, ಅದಕ್ಕೆ ಸಂಜೆ ಮಾತ್ರ. ಮಿರ್ಚಿ ಮಂಡಕ್ಕಿ ಅಂಗಡಿಯ ಹತ್ತಿರ ಒಮ್ಮೆ, ಕೆರೆ ಏರಿಯ ಮೇಲೆ ಒಮ್ಮೆ. ಅವನು ಬಾನೆಟ್ಟಿನೊಳಗೆ ಮುಖವಿಟ್ಟುಕೊಂಡೇ ಮಾತಾಡುತ್ತಿದ್ದ, ನನ್ನನ್ನು ನೋಡದೆ ಮಾತಾಡುವುದು ಅವನಿಗೆ ಸಲೀಸು. ಹಾಗೇ ಒಂದು ಸಂಜೆ ಅವರಪ್ಪ ಓಬಣ್ಣನ ಮಾತು ಬಂತು.

“ಮೂವತ್ತು ವರ್ಷ ಆಫೀಸಿನ ಜೀಪು ಓಡಿಸ್ಯಾನ್ರಿ ನಮ್ಮಪ್ಪ. ಹಿಂದ ಕುಂತ ಸಾಹೇಬ್ರು ಎಷ್ಟ ಮಂದಿ ಬದಲಾದ್ರು, ಒಬ್ಬರೂ ಅವನ ಮುಖ ನೋಡಿ ಮಾತಾಡ್ಲಿಲ್ಲ. ಅದಕ್ಕ ಹಿಂದಿನ ಸೀಟೇ ಇಲ್ಲದ ಕಾರು ಹುಡುಕಿದೆ. ಇದರಾಗ ಯಾರ ಬಂದ್ರೂ ಬಾಜೂಕ್ಕ ಕುಂದ್ರಬೇಕು.”

ಅವತ್ತು ವಾಪಸು ಬರುವಾಗ ನನಗೆ ಇನ್ನೊಂದು ಸದ್ದು ಮಾಡಲು ಮನಸ್ಸಾಗಲಿಲ್ಲ. ಮರುದಿನ ಮಾತ್ರ ಮತ್ತೆ ಮಾಡಿದೆ. ಚಟ.

ನಾನು ಮರೆತದ್ದು ಏನೆಂದರೆ, ಅವನು ಸರ್ವೇಯರ್. ಅವನ ಫೀಲ್ಡ್ ಬುಕ್ಕಿನಲ್ಲಿ ಕೊಟ್ಟೂರು ರಸ್ತೆಯ ನಕ್ಷೆಯೇ ಎದ್ದಿತ್ತು. ಸದ್ದು ಬಂದ ಕಡೆಯೆಲ್ಲ ಕೆಂಪು ಚುಕ್ಕೆ, ಪಕ್ಕದಲ್ಲಿ ಸ್ಪೀಡು, ಗಾಳಿ ಯಾವ ಕಡೆಯದು. ಅವನಿಗೆ ಎರಡು ವಿಷಯ ಹೊಳೆದಿದ್ದವು. ಸದ್ದು ಸಂಜೆ ಮಾತ್ರ ಬರುತ್ತದೆ. ಎಡಗಡೆ ಸೀಟಿನಲ್ಲಿ ಯಾರಾದರೂ ಕೂತಿದ್ದರೆ ಮಾತ್ರ ಬರುತ್ತದೆ.

“ಒಂದ್ ಮಾತು ಕೇಳ್ಬೇಕಾಗೈತಿ, ತಪ್ಪು ತಿಳೀಬ್ಯಾಡ್ರಿ. ನಿಮ್ ತೂಕ ಎಷ್ಟ್ರಿ?”

ಐವತ್ನಾಲ್ಕು ಅಂದೆ. ಇದು ಎರಡನೇ ಸುಳ್ಳಲ್ಲವೇ ಅಂತ ನೀವು ಕೇಳಬಹುದು. ತೂಕದ್ದು ಸುಳ್ಳಿನ ಪಟ್ಟಿಗೆ ಬರುವುದಿಲ್ಲ.

ಅವನು ಐವತ್ತು ಕೆಜಿ ಜೋಳದ ಚೀಲಕ್ಕೆ ಸೀಟ್ ಬೆಲ್ಟ್ ಹಾಕಿ, ಮಡಿಲಲ್ಲಿ ನಾಲ್ಕು ಕೆಜಿ ಬೆಲ್ಲದ ಪೆಂಟೆ ಇಟ್ಟು, ಸಂಜೆ ಹೊತ್ತಿಗೆ ಹರಪನಹಳ್ಳಿಯ ತನಕ ಹೋಗಿ ಬಂದನಂತೆ. ಸದ್ದಿಲ್ಲ. ಮೆಕ್ಯಾನಿಕ್ ಯರ್ರೆಪ್ಪಣ್ಣನನ್ನು ಕೂರಿಸಿ ನೋಡಿದ, ಸದ್ದಿಲ್ಲ. ಯರ್ರೆಪ್ಪಣ್ಣ ಎರಡು ಸಲ ಡ್ಯಾಶ್‌ಬೋರ್ಡು ಬಿಚ್ಚಿ, ಎರಡು ಸಲ ಕೂರಿಸಿ, ಎರಡನೇ ಸಲ ಮೂರು ಸ್ಕ್ರೂ ಉಳಿಸಿಕೊಂಡ. ಕೊನೆಗೆ ತಲೆ ಕೆರೆದುಕೊಂಡು, ಚಾಸಿ ಒಳಗೇ ಎಲ್ಲೋ ಬಿರುಕು ಬಿಟ್ಟಿರಬೇಕು, ಕಣ್ಣಿಗೆ ಬೀಳೋದಲ್ಲ, ಓಡೋವಾಗ ಎಡಗಡೆ ಮುರಿದರೂ ಮುರೀಬಹುದು ಅಂದುಬಿಟ್ಟ.

ಮರುಸಂಜೆ ಹುಲುಗೇಶ ಕಾರನ್ನು ಎಂದಿಲ್ಲದಷ್ಟು ನಿಧಾನ ಓಡಿಸಿದ. ಮೈಲಾರೇಶ್ ಅಂತ ಹಗರಿಬೊಮ್ಮನಹಳ್ಳಿಯವರು ಭಾನುವಾರ ಬಂದು ಕಾರು ನೋಡುತ್ತಾರೆ, ಕೊಟ್ಟುಬಿಡುತ್ತೇನೆ ಅಂದ. ಯಾಕೆ ಅಂತ ಕೇಳಿದೆ.

“ನಾ ಒಬ್ಬನ ಇದ್ರ ಏನ ಆದ್ರೂ ಆಗ್ಲಿ ಅಂತ ಓಡಿಸ್ತಿದ್ದೆ. ಇದು ನೀವು ಕುಂತಾಗ್ಲೇ ಸದ್ದು ಮಾಡತೈತಿ. ಒಂದು ನಿಮ್ಮನ್ನ ಇಳಿಸ್ಬೇಕು, ಇಲ್ಲಾ ಕಾರು ಬಿಡಬೇಕು.” ಅವನು ಗೇರು ಬದಲಿಸಿದ. “ಕಾರು ಬಿಡೋದು ಹಗೂರ ಅನ್ನಿಸ್ತು.”

ಇಷ್ಟು ಹೇಳಿ ಅವನು ರಸ್ತೆಯನ್ನೇ ನೋಡುತ್ತಾ ಕೂತ. ಎಷ್ಟೋ ದಿನದಿಂದ ಇಂಥದೊಂದು ಮಾತಿಗೆ ನಾನು ಕಿವಿ ತೆರೆದು ಕೂತಿದ್ದೆ. ಬಂದೇಬಿಟ್ಟಾಗ ಸುಖ ಪಡುವ ಯೋಗ್ಯತೆ ನನಗೆ ಇರಲಿಲ್ಲ. ಹೇಳಿದರೆ ಇಷ್ಟು ದಿನ ಆಟ ಆಡಿಸಿದವಳು ಅಂತ ಅವನು ನನ್ನನ್ನೇ ಬಿಟ್ಟುಬಿಡಬಹುದು. ಹೇಳದಿದ್ದರೆ ನನ್ನ ನಾಲಿಗೆಗಾಗಿ ಅವನ ಕಾರು ಹೋಗುತ್ತದೆ. ಬಾಯಲ್ಲಿ ಇಷ್ಟು ಸದ್ದುಗಳಿರುವ ನನಗೆ ಅವತ್ತು ಮನೆ ಬರುವ ತನಕ ಸ್ವಂತ ದನಿ ಒಂದು ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಅವನದೇ ಫೋನು. ಸಂಜೆ ಸ್ವಲ್ಪ ಯರ್ರೆಪ್ಪಣ್ಣನ ಗ್ಯಾರೇಜಿಗೆ ಬರಬೇಕು, ಒಂದು ಉಪಕಾರ ಅಂದ. ಹೋದರೆ ಮೈಲಾರೇಶ್ ಕಾರಿನ ಸುತ್ತ ಸುತ್ತುತ್ತಿದ್ದರು, ಸಕ್ಕರೆ ಕಂಡ ಇರುವೆಯ ಹಾಗೆ. ಕಾರು ಫಸ್ಟ್‌ಕ್ಲಾಸ್ ಐತಿ, ಸದ್ದು ಗಿದ್ದು ಏನೂ ಇಲ್ಲ, ಯಾಕ ಸುಮ್ನ ದೋಷ ಹೇಳ್ತೀರಿ ಅಂತ ನಗುತ್ತಿದ್ದರು. ಹುಲುಗೇಶ ಕೇಳಲೊಲ್ಲ. ದೋಷ ಮುಚ್ಚಿಟ್ಟು ಮಾರಿದರೆ ನಾಳೆ ಏನಾದರೂ ಆದರೆ ನನಗೆ ನಿದ್ದೆ ಬರಲ್ಲ, ಇವರು ಕೂತರೆ ಆ ಸದ್ದು ಬರುತ್ತದೆ, ಕಿವಿಯಾರೆ ಕೇಳಿ ಆಮೇಲೆ ತಗೊಳ್ಳಿ ಅಂದ.

ನಾನು ಕೂತೆ. ಅವನು ಗ್ಯಾರೇಜಿನ ಬಯಲಲ್ಲಿ ಕಾರನ್ನು ನಡಿಗೆಯ ವೇಗದಲ್ಲಿ ಬಿಟ್ಟ. ನನ್ನ ಕಿಟಕಿಯ ಪಕ್ಕ ಮೈಲಾರೇಶ್, ಅವನ ಕಿಟಕಿಯ ಪಕ್ಕ ಯರ್ರೆಪ್ಪಣ್ಣ, ಇಬ್ಬರೂ ಬಗ್ಗಿ ಕಿವಿ ಕೊಟ್ಟು ಜೊತೆಗೇ ನಡೆಯುತ್ತಿದ್ದರು. ಒಂದು ಸುತ್ತು ಆಯಿತು. ಎರಡು ಸುತ್ತು ಆಯಿತು. ಆ ಸದ್ದು ಮಾತ್ರ ಬರಲಿಲ್ಲ. ನಾನು ಹೀಗೇ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಮೈಲಾರೇಶ್ ಖುಷಿಯಿಂದ ಕೀ ಇಸಿದುಕೊಂಡು ಹೋಗುತ್ತಿದ್ದರು, ನನ್ನ ಆಟ ಯಾರಿಗೂ ತಿಳಿಯುತ್ತಿರಲಿಲ್ಲ. ಹುಲುಗೇಶ ಸ್ಟೀರಿಂಗಿನ ಮೇಲೆ ಅಂಗೈ ಸವರುತ್ತಿದ್ದ, ಊರು ಬಿಡುವವರು ಹೊಸ್ತಿಲು ಸವರುವ ಹಾಗೆ.

ಮೂರನೇ ಸುತ್ತಿನಲ್ಲಿ ನಾನು ವೇಲು ಕೆಳಗಿಟ್ಟೆ. ಕಿಟಕಿಯ ಕಡೆಗಲ್ಲ, ಅವನ ಕಡೆಗೆ ತಿರುಗಿದೆ. ಅವನ ಕಣ್ಣಲ್ಲಿ ಕಣ್ಣಿಟ್ಟು ಮಾಡಿದೆ.

ಟಿಕ್ಕ ಟಿಕ್ಕ ಟಿಕ್ಕ. ಕುಂಯ್.

ಕಾರು ನಿಂತಿತು. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಇಂಜಿನ್ ಆಫ್ ಮಾಡಿದ.

“ಇನ್ನೊಮ್ಮಿ ಮಾಡು.”

ಮೇಡಂ ಹೋಗಿತ್ತು, ರೀ ಹೋಗಿತ್ತು. ಸಿಟ್ಟಿಗೆ ಹೋಗಿತ್ತೋ ಏನೋ ತಿಳಿಯಲಿಲ್ಲ. ಮತ್ತೆ ಮಾಡಿದೆ. ಕುಂಯ್ ಮಾತ್ರ ಅಳುವಿನ ಹಾಗೆ ಬಂತು.

ಅವನು ಫೀಲ್ಡ್ ಬುಕ್ ತೆರೆದು ಕೆಂಪು ಚುಕ್ಕೆಗಳ ಮೇಲೆ ಬೆರಳಾಡಿಸಿದ. ಬಾಗಳಿ ಕ್ರಾಸು. ಕೆರೆ ಏರಿ. ಮಿರ್ಚಿ ಅಂಗಡಿ. “ಇವೆಲ್ಲಾ?”

“ಎಲ್ಲಾ.”

“ಯಾಕ?”

“ನಿಮ್ ಕಾರು ಭಾಳ ಜಲ್ದಿ ಮನಿ ಮುಟ್ಟಿಸ್ತಿತ್ತು.” ಎರಡೂ ಕೈ ಮಡಿಲಲ್ಲಿ ಒತ್ತಿ ಹಿಡಿದುಕೊಂಡೆ. “ನನಗ ಮನಿ ಅಷ್ಟ ಜಲ್ದಿ ಬ್ಯಾಡಾಗಿತ್ತು. ಕಾರು ಮಾರಬ್ಯಾಡ್ರಿ. ಬೇಕಾದ್ರ ನನ್ನ ಇಳಿಸ್ರಿ.”

ಆ ಕಡೆ ಕಿಟಕಿಯಲ್ಲಿ ಯರ್ರೆಪ್ಪಣ್ಣನ ಮುಖ ಮೆಲ್ಲಗೆ ಬಣ್ಣ ಬದಲಿಸುತ್ತಿತ್ತು. “ತಂಗೀ,” ಅಂದ, ಬಹಳ ಸಮಾಧಾನದಿಂದ, “ನಾ ಎರಡ್ ಸಲ ಡ್ಯಾಶ್‌ಬೋರ್ಡು ಬಿಚ್ಚೀನವ್ವಾ.”

ಹುಲುಗೇಶ ಪುಸ್ತಕ ಮುಚ್ಚಿದ. ನನ್ನ ಕಿಟಕಿಯ ಕಡೆ ಬಾಗಿ ಮೈಲಾರೇಶರಿಗೆ ಕ್ಷಮಿಸ್ರಿ, ದೋಷ ಸಿಕ್ತು, ಕಾರು ಕೊಡೋದಿಲ್ಲ ಅಂದ. ಅವರು ಕೈ ಬಿಡಲೊಲ್ಲರು, ದೋಷ ಸಿಕ್ಕರೆ ರಿಪೇರಿ ಮಾಡಿಸಿ ಕೊಡ್ರಲ್ಲ ಅಂದರು.

“ಇದು ರಿಪೇರಿ ಆಗೋ ದೋಷ ಅಲ್ಲ ಸರ್,” ಅಂದ ಹುಲುಗೇಶ. ನನ್ನ ಮಡಿಲಲ್ಲಿದ್ದ ಕೈಯನ್ನು ಎತ್ತಿ, ಗೇರಿನ ಗುಂಡಿನ ಮೇಲಿಟ್ಟು, ಅದರ ಮೇಲೆ ತನ್ನ ಕೈ ಇಟ್ಟ. “ಮನಿಗೆ ಕರ್ಕೊಂಡು ಹೋಗಬೇಕು, ಅಷ್ಟ.”

ಮೊದಲು ನಕ್ಕವರು ಮೈಲಾರೇಶ್. ಆಮೇಲೆ ಯರ್ರೆಪ್ಪಣ್ಣ, ಕೈಯಲ್ಲಿದ್ದ ಸ್ಪ್ಯಾನರು ಬೀಳಿಸಿ. ನನಗೂ ಅಳುವಿನ ಮಧ್ಯೆ ನಗು ಬಂತು. ಹುಲುಗೇಶ ಮಾತ್ರ ಗಂಭೀರವಾಗಿ ಮುಂದೆ ನೋಡುತ್ತಿದ್ದ, ಏನೋ ಲೆಕ್ಕ ಹಾಕುವವನ ಹಾಗೆ. ಆಮೇಲೆ ಬಹಳ ಮೆತ್ತಗೆ, ತನಗೆ ತಾನೇ ಅಂದುಕೊಂಡ: “ಜೋಳದ ಚೀಲಕ್ಕ ಸೀಟ್ ಬೆಲ್ಟ್ ಹಾಕಿದ್ನಲ್ಲೋ.”

ಅಷ್ಟೇ. ಹೊಟ್ಟೆಯ ಆಳದಿಂದ ನಗು ಹೊರಟಿತು. ನಕ್ಕ, ನಕ್ಕು ನಕ್ಕು ಹಣೆಯನ್ನು ಸ್ಟೀರಿಂಗಿಗೆ ಹಚ್ಚಿದ, ಹಾರ್ನು ಹೊಡೆದುಕೊಂಡಿತು, ಅದಕ್ಕೂ ನಕ್ಕ. ಕಣ್ಣೊರೆಸಿಕೊಂಡು ನನ್ನತ್ತ ತಿರುಗಿ ಏನೋ ಸಿಹಿಯಾದದ್ದು ಹೇಳಲು ಬಾಯಿ ತೆರೆದ, ನನ್ನ ಮುಖ ಕಂಡದ್ದೇ ತಡ ಮತ್ತೆ ಶುರುವಾಯಿತು. ನಾವು ಮೂವರೂ ನಕ್ಕು ಸುಸ್ತಾಗಿ ಬಾಯಿ ಮುಚ್ಚಿದ ಮೇಲೂ ಗ್ಯಾರೇಜಿನ ತಗಡಿನ ಮಾಡಿಗೆ ಬಡಿದು ಕೇಳುತ್ತಿದ್ದದ್ದು ಅವನೊಬ್ಬನ ನಗು.