ಬೇಡವೆಂದ ತುತ್ತು

ಧೂಪದ ಹೊಗೆಯೊಳಗಿಂದ ಆ ಕೈ ಅವಳ ತುಟಿಯವರೆಗೆ ಬಂದು ನಿಂತಿತ್ತು.

ಐವತ್ತೈದು ದಿನಗಳ ಉಪವಾಸವ್ರತ ಮುಗಿದ ಫಾಸಿಕಾ, ಈಸ್ಟರ್ ಹಬ್ಬ. ಕೋಳಿಸಾರಿನಲ್ಲಿ ಅದ್ದಿದ ಇಂಜೆರಾ ರೊಟ್ಟಿಯ ತುತ್ತು ಹಿಡಿದಿದ್ದವನು ಮೆಸ್ಫಿನ್, ತಾನಾ ಸರೋವರದ ದೋಣಿಯವನು. ಒಲಿದವರಿಗೆ ಕೈಯಾರೆ ಉಣಿಸುವ ಆ ಗುರ್ಷಾ, ಎಲ್ಲರೆದುರು ಅವನಾಡಿದ ಮೊದಲ ಪ್ರೇಮದ ಮಾತು.

ವುಬಿತ್ ಮುಖ ತಿರುಗಿಸಿದಳು. "ನನಗೆ... ಉಪವಾಸ."

"ಹಬ್ಬದ ದಿನ ಎಂಥ ಉಪವಾಸವೇ?" ಅವಳ ಚಿಕ್ಕಮ್ಮ ಅಲ್ಮಾಜ್ ನಕ್ಕಳು. "ಪಾದ್ರಿಗಳೇ ಕೋಳಿಕಾಲು ಕಡೀತಿದಾರೆ, ಇವಳೊಬ್ಬಳು ಸನ್ಯಾಸಿನಿ!"

ಮೆಸ್ಫಿನ್ ತುತ್ತನ್ನು ತಟ್ಟೆಗಿಟ್ಟು ಎದ್ದುಹೋದ. 'ನಾನೇ ಬೇಡ ಅಂದಮೇಲೆ ನನ್ನ ಕೈತುತ್ತು ಯಾಕೆ ಬೇಕು?' ಎಂದುಕೊಂಡ.

'ನೀನಲ್ಲ ಕಣೋ... ಆ ತುತ್ತು!' ಅವಳ ಮನಸ್ಸು ಕೂಗಿತು.

ಮೂರು ವಾರ ಅವನು ಆ ಬೀದಿಗೆ ಬರಲಿಲ್ಲ. ಒಂದು ಬುಧವಾರ ದಂಡೆಗೆ ಬಂದ ಅಲ್ಮಾಜ್ ಹೆಮ್ಮೆಯಿಂದ ಹೇಳಿದಳು: "ಹುಡುಗಿ ಇವತ್ತೂ ಉಪವಾಸ. ಏನೋ ಹರಕೆಯಂತೆ!"

ಅವನ ಹುಟ್ಟು ನೀರಿನಲ್ಲೇ ನಿಂತಿತು.

"ಅಮ್ಮಾ, ಫಾಸಿಕಾ ಆಗಿ ಐವತ್ತು ದಿನ ಬುಧವಾರದ ವಾಡಿಕೆ ಉಪವಾಸಾನೂ ಇಲ್ಲ. ದೇವರೇ ಉಣ್ಣು ಅಂದಿರೋ ದಿನಗಳು. ಹಾಗಾದ್ರೆ ಇವಳು ಯಾರಿಗೋಸ್ಕರ ಮಾಡ್ತಿದಾಳೆ?"

ಅಲ್ಮಾಜಳ ನಗು ಮಾಸಿತು. "ಸುಡುಬಿಸಿಲಲ್ಲೂ ಎರಡು ಶಾಲು ಹೊದೀತಾಳೆ... ಬಾಚಣಿಗೆ ತುಂಬಾ ಕೂದಲು... ಒಂದು ತುತ್ತು ತಿಂದ್ರೂ ಹಿತ್ತಲಿಗೆ ಓಡಿ ವಾಂತಿ ಮಾಡ್ತಾಳೆ. ನಾನು ಭಕ್ತಿ ಅಂದ್ಕೊಂಡಿದ್ನಲ್ಲೋ!"

ಅವರು ಬಂದಾಗ ವುಬಿತ್ ಹೊಸ್ತಿಲಲ್ಲಿ ಓಲಾಡುತ್ತಿದ್ದಳು. ಮೆಸ್ಫಿನ್ ಹಿಡಿದುಕೊಂಡ. ಎಂಥ ತಣ್ಣಗಿನ ಬೆರಳುಗಳು!

"ಎದೆ... ತಪ್ಪಿ ತಪ್ಪಿ ಬಡ್ಕೊಳ್ತಿದೆ," ಎಂದಳು. "ಕನ್ನಡಿಯಲ್ಲಿ ಇನ್ನೂ ದಪ್ಪ ಕಾಣ್ತೀನಿ ಮೆಸ್ಫಿನ್. ಊಟ ಕಂಡ್ರೆ ಭಯ. ದೇವರ ಹೆಸರಲ್ಲಿ ಸುಳ್ಳು ಹೇಳ್ದೆ... ಪಾಪ ಅಲ್ವಾ?"

"ಪಾಪ ಅಲ್ಲ ಕಣೇ, ಕಾಯಿಲೆ. ತಲೆ ಸುತ್ತಿ ಎದೆಬಡಿತ ಹೀಗೆ ತಪ್ತಿರೋವಾಗ ನಾಳೆ ಅನ್ನೋ ಹಾಗಿಲ್ಲ. ಈಗಲೇ ಡಾಕ್ಟರ್ ಹತ್ರ ಹೋಗೋಣ."

"ಬಲವಂತವಾಗಿ ತಿನ್ನಿಸ್ತಾರಾ?"

"ಮೊದಲು ನೀನು ಹೇಳೋದನ್ನ ಕೇಳ್ತಾರೆ. ನಾನು ಬಾಗಿಲ ಹೊರಗೇ ಕೂತಿರ್ತೀನಿ."

ಆಸ್ಪತ್ರೆ ಆಚೆ ದಡದಲ್ಲಿತ್ತು. ಜಲವೂ ಗಗನವೂ ಒಂದೇ ಬೆಳ್ಳಿಯ ಹಾಳೆಯಾಗಿ, ದೋಣಿ ಅದರ ನಡುವೆ ಕನಸಿನಂತೆ ತೇಲುತ್ತಿತ್ತು. ಅಲ್ಮಾಜ್ ಅವಳನ್ನು ತಬ್ಬಿ ಕುಳಿತಿದ್ದಳು. ಬಿಳಿಯ ಹಕ್ಕಿಗಳ ಸಾಲೊಂದು ಸದ್ದಿಲ್ಲದೆ ಹಾದುಹೋಯಿತು.

"ಅವತ್ತು ಬೇಡ ಅಂದಿದ್ದು ನಿನ್ನನ್ನಲ್ಲ..."

"ಗೊತ್ತಾಯ್ತು."

"ಆ ಗುರ್ಷಾ... ಇನ್ನೂ ಇದೆಯಾ?"

"ಇದೆ."

"ತುಂಬಾ ದಿನ ಆಗಬಹುದು. ಹಿಡ್ಕೊಂಡೇ ಇದ್ರೆ ಕೈ ನೋಯುತ್ತೆ ನಿಂಗೆ."

ಅವನು ಮೆಲ್ಲನೆ ನಕ್ಕ. "ಹುಟ್ಟು ಹಾಕೋ ಕೈ ಕಣೇ ಇದು!"