ಕೆಳಗಿಳಿದ ಅಳತೆಪಟ್ಟಿ

ನೆಸ್ರಿನ್ ಆ ಬೆಳಿಗ್ಗೆ ದಿನಚರಿಯಲ್ಲಿ ಒಂದೇ ಸಾಲು ಬರೆದಳು: "ಯಾರೂ ಕೇಳಿಲ್ಲ, ಅದಕ್ಕೇ ಹೇಳಿಲ್ಲ." ಅಪ್ಪ ಹೊಲದಲ್ಲಿ ಸೋಂಪು, ಗಸಗಸೆ ಕಿತ್ತು ಮುಸುಕಿನ ಜೋಳ ಹಾಕಿದ್ದ. ಅದಕ್ಕೆ ನೀರುಣಿಸಲು ಅನುಮತಿಯಿಲ್ಲದೆ ಬಾವಿ ಕೊರೆಸಿದ್ದ. ಪೊಲೀಸ್ ಠಾಣೆಗೆ ರೈಟರ್ ಆಗಿ ಸೇರಿ ಎಂಟು ತಿಂಗಳಾದರೂ ಆ ಮಾತು ಅವಳ ಗಂಟಲು ದಾಟಿರಲಿಲ್ಲ.

ಆಗಸ್ಟ್ ಹದಿನಾಲ್ಕು, 9.20. ಠಾಣೆ ಕಟ್ಟಿದಾಗ ಬುರ್ದೂರ್ ಸರೋವರ ಅದರ ಹಿತ್ತಿಲಲ್ಲೇ ಇತ್ತು. ನೀರು ಹಿಂದೆ ಸರಿದು ಈಗ ಅರ್ಧ ಗಂಟೆ ನಡಿಗೆ. ನೀರಾವರಿ ಎಂಜಿನಿಯರ್ ಕುಬಿಲಾಯ್ ದೂರು ತಂದಿದ್ದ.

"ಸರೋವರಕ್ಕೆ ಸೇರೋ ಸೋಯುತ್ ಹೊಳೇಲಿ ಮೊಣಕಾಲುದ್ದ ನೀರು ಅಂತ ದಿನಾ ವರದಿ ಬರುತ್ತೆ. ನಿನ್ನೆ ಇಳಿದು ನೋಡಿದೆ, ಬೂಟೂ ನೆನೀಲಿಲ್ಲ."

ಇನ್‌ಸ್ಪೆಕ್ಟರ್ ಹಾಲಿಸ್ ಚಹಾ ಕೆಳಗಿಟ್ಟ. "ನೀರು ಕಳುವಾಗಿದೆ ಅಂತ ಬರ್ಕೊಳ್ಲಾ?"

"ನೀರಿನ ಮಟ್ಟ ತೋರಿಸೋ ಅಳತೆಪಟ್ಟೀನ ಯಾರೋ ಕೆಳಗಿಳಿಸಿದಾರೆ ಸಾರ್, ಇಲ್ಲದ ನೀರೂ ಲೆಕ್ಕಕ್ಕೆ ಬರುತ್ತೆ. ಆ ಅಂಕಿ ನಂಬಿ ಮೇಲ್ಗಡೆ ಅರವತ್ತು ಬಾವಿಗೆ ಅನುಮತಿ ಕೊಟ್ವಿ."

ಅರವತ್ತು. ಎಫ್‌ಐಆರ್ ಬರೆಯುತ್ತಿದ್ದ ನೆಸ್ರಿನ್ ಮನಸ್ಸಿನಲ್ಲೇ ಇನ್ನೊಂದು ಕೂಡಿಸಿದಳು.

11.05, ಸೇತುವೆ. ಪಂಚನಾಮೆ ಶುರುವಾಯಿತು. ಕಬ್ಬಿಣದ ಪಟ್ಟಿಯ ಕಾಲು ಹೂಳಿನೊಳಗೆ ಮೊಳದಷ್ಟು ಇಳಿದಿತ್ತು. ಸೇತುವೆಯ ಕಂಬದಲ್ಲಿ ಪಟ್ಟಿಗಿಂತ ಮೇಲೆ ನಾಲ್ಕು ಜೊತೆ ಹಳೆಯ ತೂತು, ಮಣ್ಣು ಮೆತ್ತಿ ಮುಚ್ಚಿದವು. ವರ್ಷವರ್ಷವೂ ಒಂದೊಂದು ಮೆಟ್ಟಿಲಂತೆ ಪಟ್ಟಿ ಇಳಿದಿತ್ತು. ಬೋಲ್ಟಿನ ಮೇಲೆ ಎಣ್ಣೆ ಸವರಿದ್ದರು. ನೆಸ್ರಿನ್ ಮೂಸಿ ನೋಡಿದಳು.

"ಏನಮ್ಮಾ, ಮೂಗಲ್ಲೇ ತನಿಖೆ ಮುಗಿಸ್ತೀಯಾ?" ಎಂದ ಹಾಲಿಸ್.

"ಗಸಗಸೆ ಎಣ್ಣೆ ಸಾರ್. ನಮ್ಮಜ್ಜಿ ತೆಗೀತಿದ್ರು."

"ಈಗ ಕಣಿವೆ ಪೂರಾ ಜೋಳ. ಯಾರ ಮನೇಲಿದೆ ಅದು?"

"ಒಬ್ಬರ ಮನೇಲಿ," ಎಂದಳು ಅವಳು ಮೆಲ್ಲಗೆ.

3.10. ಎಪ್ಪತ್ತೊಂದು ವರ್ಷದ ದುರ್ದು ತನ್ನ ಮನೆ ಅಂಗಳದಲ್ಲಿ ಗಸಗಸೆ ಕಾಯಿ ಒಡೆಯುತ್ತಿದ್ದ. ಮೂವತ್ತೆಂಟು ವರ್ಷದಿಂದ ಹೊಳೆಯ ಅಳತೆ ಓದಿ ಕಚೇರಿಗೆ ಕಳಿಸುತ್ತಿದ್ದವನು ಅವನೇ.

"ಪಟ್ಟಿ ಇಳಿಸಿದ್ದು ನೀನಾ?" ಹಾಲಿಸ್ ಕೇಳಿದ.

"ಹೂಂ. ನಾಲ್ಕು ಸಲ."

"ಯಾರು ಹೇಳಿ ಮಾಡಿಸಿದ್ರು?"

"ಯಾರೂ ಇಲ್ಲ ಕಣಪ್ಪ. ಸೊನ್ನೆ ಬರೆದ್ರೆ ಇಲ್ಲಿ ಅಳೆಯೋದನ್ನೇ ನಿಲ್ಲಿಸ್ತಾರೆ. ನಮ್ಮಪ್ಪ ಓದಿದ ಪಟ್ಟಿ ಅದು. ನೀರು ಬಂದೇ ಬರುತ್ತೆ, ಆಗ ಮತ್ತೆ ಮೇಲೇರಿಸೋಣ ಅಂತಿದ್ದೆ."

"ನಿನ್ನ ಅಂಕಿ ನೋಡಿ ಅರವತ್ತು ಬಾವಿ ತೋಡಿದ್ರು."

ಮುದುಕನ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. ತನ್ನ ಅಂಕಿ ನೋಡಿ ಬಾವಿಗೆ ಅನುಮತಿ ಕೊಡುತ್ತಾರೆಂದು ಅವನಿಗೆ ತಿಳಿದಿರಲಿಲ್ಲ. ಹೊಳೆ ಸತ್ತಿಲ್ಲವೆಂದು ತೋರಿಸಲು ಹೋಗಿ, ಅದರ ಕತ್ತಿಗೆ ಕೈ ಹಾಕಿದವರಿಗೆ ತಾನೇ ದಾರಿ ಬಿಟ್ಟಿದ್ದ.

"ಹಾಗಾದ್ರೆ ಹೊಳೇನ ನಾನೇ ಕುಡಿದುಬಿಟ್ನಲ್ಲ ಮಗಳೇ," ಎಂದ ನೆಸ್ರಿನ್ ಕಡೆ ನೋಡಿ.

3.40ಕ್ಕೆ ಬಂಧನ ದಾಖಲಾಯಿತು. ಯಾರೂ ಬೇಡಿ ಹಾಕಲಿಲ್ಲ. ಜೀಪು ಹತ್ತುವಾಗ ಹಾಲಿಸನೇ ಅವನ ಮೊಣಕೈ ಹಿಡಿದ. ದಾರಿಯುದ್ದಕ್ಕೂ ಎರಡೂ ಕಡೆ ಆಳೆತ್ತರದ ಜೋಳ, ಹಸಿರೋ ಹಸಿರು.

ಠಾಣೆಯಲ್ಲಿ ಹಾಲಿಸ್ ಕಡತ ಮುಂದಿಟ್ಟ. "ಹೊಳೆ ಬತ್ತೋಕೆ ಕಾರಣ ಅನ್ನೋ ಕಡೆ ಏನು ಬರೀತೀಯಾ? ದುರ್ದು ಅಂತಾನಾ?"

ಬೆಂಚಿನ ಮೇಲೆ ಮುದುಕ ತಲೆ ತಗ್ಗಿಸಿ ಕೂತಿದ್ದ. ನೆಸ್ರಿನ್ ಪೆನ್ನು ಕೆಳಗಿಟ್ಟಳು.

"ಅರವತ್ತಲ್ಲ ಸಾರ್, ಅರವತ್ತೊಂದು. ಇನ್ನೊಂದು ಬಾವಿ ನಮ್ಮದು."