ಮಂಗಳವಾರದ ಹಸಿರು

"ನಾನು ಕೇಳಿದ್ದು ಮರೂನ್. ನೀವು ಕಳಿಸಿರೋದು ಏನಿದು?"

ದಾರದ ರೀಲನ್ನು ಅವನು ಕೌಂಟರಿನ ಮೇಲೆ ಕುಕ್ಕಿದ ರಭಸಕ್ಕೆ ಅದು ಉರುಳಿಕೊಂಡು ಬಂದು ಅವಳ ಪೆನ್ನಿಗೆ ತಾಗಿ ನಿಂತಿತು.

ಕಡು ಹಸಿರು ದಾರ.

ಅವಳು ಚೀಟಿ ನೋಡಿದಳು. ರೀಲಿನ ತಳ ತಿರುಗಿಸಿ ನೋಡಿದಳು. ಎರಡರಲ್ಲೂ ಬಣ್ಣದ ನಂಬರು ಇನ್ನೂರ ಹದಿನೇಳು ಎಂದೇ ಇತ್ತು. ಮತ್ತೊಮ್ಮೆ ನೋಡಿದಳು, ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವ ಸ್ವಭಾವ ಅವಳದು.

"ಆ್ಯಪ್‌ನಲ್ಲಿ ನೀವು ಒತ್ತಿರೋದು ಇದನ್ನೇ, ಸರ್."

"ಅಂದ್ರೆ ನಾನು ಸುಳ್ಳು ಹೇಳ್ತಿದೀನಾ?"

ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸೊಬ್ಬಳು ಅವನ ಕಂಕುಳಲ್ಲಿದ್ದ ಅರ್ಧ ಹೊಲಿದ ಮದುವೆಯ ಕೋಟು ನೋಡಿ ಕಿಸಕ್ಕನೆ ನಕ್ಕಳು. "ಹಸಿರು ಯಾವ್ದು, ಕೆಂಪು ಯಾವ್ದು ಗೊತ್ತಿಲ್ದೋರು ಕೋಟು ಹೊಲಿದ್ರೆ ಮದುಮಗ ಗಿಳಿ ಥರ ಕಾಣ್ತಾನೆ, ಅಷ್ಟೆ."

ಅವನ ಮುಖದಲ್ಲಿದ್ದ ಸಿಟ್ಟು ಒಂದೇ ಕ್ಷಣದಲ್ಲಿ ಇಳಿದುಹೋಯಿತು. ಅದರ ಕೆಳಗೆ ಅಡಗಿದ್ದುದನ್ನು ಅವಳು ಕೂಡಲೇ ಗುರುತಿಸಿದಳು.

ಭಯ... ಎಲ್ಲಿ ತಪ್ಪಾಗುವುದೋ ಎಂದು ತನ್ನ ಮನೆಯ ಕನ್ನಡಿಯಲ್ಲಿ ಅವಳು ದಿನಾ ನೋಡುವ ಭಯ.

ಅದು ದಾರ, ಗುಂಡಿ, ಜಿಪ್ಪು, ಕತ್ತರಿ ಮಾರುವ ಕಂಪನಿ. ಮೊದಲು ದೊಡ್ಡ ಅಂಗಡಿಯೇ ಇತ್ತು. ಬಟ್ಟೆಯ ತುಂಡು ತೋರಿಸಿದರೆ ಸಾಕು, ಗುಮಾಸ್ತರು ದಾರ ಹೊಂದಿಸಿ ಕೈಗಿಡುತ್ತಿದ್ದರು. ಈಗ ಅಂಗಡಿ ಮುಚ್ಚಿ ಎಲ್ಲವೂ ಆ್ಯಪ್‌ಗೆ ಹೋಗಿತ್ತು. ಮನುಷ್ಯರ ಮುಖ ಕಾಣಬೇಕೆಂದರೆ, ಸಾಮಾನು ಹಿಂದಿರುಗಿಸುವ ಈ ಒಂದು ಕೌಂಟರಿಗೇ ಬರಬೇಕು. ಅದಕ್ಕೇ ಆಫೀಸಿನವರೆಲ್ಲ ಅವಳನ್ನು 'ವಾಪಸಮ್ಮ' ಎನ್ನುತ್ತಿದ್ದರು. ವಾಪಸಮ್ಮನ ಫಾರಮ್ಮಿನಲ್ಲಿ ಆರು ಕಾರಣಗಳಿದ್ದವು. ಒಂದಕ್ಕಾದರೂ ಗುರುತು ಹಾಕದೆ ಅವಳು ಏನನ್ನೂ ತೆಗೆದುಕೊಳ್ಳುವಂತಿರಲಿಲ್ಲ.

'ಬಣ್ಣ ಬೇರೆ' ಎಂಬಲ್ಲಿ ಗುರುತು ಹಾಕಿದಳು. ಒಳಗೆ ಹೋಗಿ ಕಂದು, ಮರೂನ್, ಕಡು ಹಸಿರು, ಹೀಗೆ ಮೂರು ರೀಲು ತಂದು ಅವನ ಮುಂದಿಟ್ಟಳು.

"ಬೇಕಾದ್ದು ತಗೊಳ್ಳಿ."

ಅವನ ಎಡಗೈ ಮೇಲೆದ್ದು ಗಾಳಿಯಲ್ಲೇ ನಿಂತಿತು. ಅವನು ರೀಲುಗಳನ್ನು ನೋಡಲಿಲ್ಲ... ಅವಳ ಮುಖ ನೋಡಿದ.

ಅವಳಿಗೆ ಎಲ್ಲ ಅರ್ಥವಾಯಿತು. ಮಾತಾಡದೆ, ನಡುವಿನ ರೀಲಿನ ಕಡೆ ಕಣ್ಣು ಹಾಯಿಸಿದಳು. ಅವನು ಅದನ್ನೆತ್ತಿಕೊಂಡ. ಅವಳು ಅದನ್ನು ಮತ್ತೆ ಕೇಳಿ ಪಡೆದು, ತಳದಲ್ಲಿ ಪೆನ್ನಿನಿಂದ ಸಣ್ಣದಾಗಿ 'ಮರೂನ್' ಎಂದು ಬರೆದುಕೊಟ್ಟಳು.

ಅದು ಮಂಗಳವಾರ.

ಮುಂದಿನ ಮಂಗಳವಾರ ಕೌಂಟರಿನ ಫೋನು ಹೊಡೆದುಕೊಂಡಿತು.

"ನಾನು... ಮರೂನ್," ಎಂದಿತು ಧ್ವನಿ.

ಅವಳಿಗೆ ನಗು ಬಂತು. ಅಂದಿನಿಂದ ಅವಳ ಮನಸ್ಸಿನಲ್ಲಿ ಅವನಿಗೆ ಅದೇ ಹೆಸರಾಯಿತು.

ಅವನು ಮದುವೆಯ ಕೋಟು ಹೊಲಿಯುವ ದರ್ಜಿ. ಹುಟ್ಟಿದಾಗಿನಿಂದ ಕೆಂಪು, ಹಸಿರು, ಕಂದು ಅವನ ಕಣ್ಣಿಗೆ ಒಂದೇ ಮನೆಯವು. "ಅಣ್ಣತಮ್ಮಂದಿರ ಥರ ಅವು. ಯಾರು ಯಾರು ಅಂತ ಹೆತ್ತವಳಿಗಷ್ಟೇ ಗೊತ್ತು," ಎಂದಿದ್ದ ಮೂರನೆಯ ವಾರ. ಇಷ್ಟು ವರ್ಷ ಅವನ ಅಕ್ಕ ದಾರ ಆರಿಸಿ ತರುತ್ತಿದ್ದಳಂತೆ. ಅಕ್ಕನ ಕಣ್ಣು ಮಂಜಾಗುವುದಕ್ಕೂ ಅಂಗಡಿ ಮುಚ್ಚುವುದಕ್ಕೂ ಸರಿಹೋಯಿತು. ಆ್ಯಪ್‌ನಲ್ಲೋ, ಉಗುರಿನಷ್ಟು ಬಣ್ಣದ ಚೌಕಗಳು. ಅವುಗಳ ಕೆಳಗೆ ಒಂದಕ್ಷರವೂ ಇರಲಿಲ್ಲ.

"ಹೊಲಿಗೇಲಿ ನಾನು ಯಾರಿಗೂ ಕಮ್ಮಿಯಿಲ್ಲ," ಎಂದ. "ಆದ್ರೆ ಇದೊಂದು ಹೊರಗೆ ಗೊತ್ತಾದ್ರೆ ನನ್ನ ಅಂಗಡಿಗೆ ನೊಣಾನೂ ಬರಲ್ಲ."

"ನಾನು ಯಾರ ಹತ್ರಾನೂ ಹೇಳಲ್ಲ," ಎಂದಳು ಅವಳು.

ಬಣ್ಣ ಕಾಣದವನಿಗೆ ಬಣ್ಣ ಹೇಳುವುದು ಹೇಗೆ? ಅವಳು ನೆಂಟಸ್ತಿಕೆ ಹಿಡಿದಳು. ಈ ದಾರ ನೀಲಿ ಬಟ್ಟೆಗೆ ಸ್ವಂತ ತಂಗಿ, ಕಂದಿಗೆ ಬರೀ ನಾದಿನಿ. ಇದನ್ನು ಬೂದು ಬಟ್ಟೆಯ ಪಕ್ಕ ಕೂರಿಸಬೇಡಿ, ಅತ್ತೆ-ಸೊಸೆ ಜಗಳ. ಅವನು ಆ ಕಡೆ ನಗುತ್ತ ಬರೆದುಕೊಳ್ಳುತ್ತಿದ್ದ. ಎರಡು ನಿಮಿಷದ ಮಾತು ಅರ್ಧ ಗಂಟೆಯಾಯಿತು. ದಾರ ಮುಗಿದ ಮೇಲೆ ಅಕ್ಕನ ಕಣ್ಣಿನ ವಿಷಯ ಬರುತ್ತಿತ್ತು. ಅದು ಮುಗಿದ ಮೇಲೆ ಏನೂ ಇಲ್ಲದ ವಿಷಯ ಬರುತ್ತಿತ್ತು...

ಒಂದು ಮಂಗಳವಾರ ಬೆಳಿಗ್ಗೆ ಅವಳು ಎರಡನೆಯ ಸಲ ತಲೆ ಬಾಚಿಕೊಳ್ಳುತ್ತಿದ್ದವಳು ತಟ್ಟನೆ ನಿಂತಳು.

'ಫೋನಿಗೆ ಯಾರಾದರೂ ತಲೆ ಬಾಚಿಕೊಳ್ಳುತ್ತಾರೆಯೇ?'

ಬಾಚಣಿಗೆ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು.

ಆ ತಿಂಗಳೇ ಮಾಲಕಿ ಮೀಟಿಂಗ್ ಕರೆದರು. ವಾಪಸ್ ಬರುವ ಸಾಮಾನು ಹೆಚ್ಚಾಗಿ ನಷ್ಟ. ತಿಂಗಳ ಕೊನೆಗೆ ಕೌಂಟರು ಮುಚ್ಚಿ, ಫೋನು ತೆಗೆದುಬಿಡುವುದು ಎಂದರು.

ಅವಳು ಫಾರಮ್ಮುಗಳ ಕಟ್ಟನ್ನು ಮೇಜಿನ ಮೇಲಿಟ್ಟಳು. ಅರ್ಧಕ್ಕರ್ಧ 'ಬಣ್ಣ ಬೇರೆ' ಎಂಬವೇ. ಕಂಪನಿ ತಪ್ಪು ಕಳಿಸಿಲ್ಲ, ಗಿರಾಕಿಗೆ ಸರಿಯಾಗಿ ಆರಿಸಲು ಆಗಿಲ್ಲ ಎಂದಳು. ಗಂಡಸರಲ್ಲಿ ಸುಮಾರು ಹನ್ನೆರಡಕ್ಕೊಬ್ಬರಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುವುದಿಲ್ಲ. ವಯಸ್ಸಾದವರಿಗೆ ಸಣ್ಣ ಚೌಕ ಕಾಣುವುದಿಲ್ಲ. ಬಿಸಿಲಿನಲ್ಲಿ ಫೋನು ಹಿಡಿದರೆ ಯಾರಿಗೂ ಕಾಣುವುದಿಲ್ಲ. ಬಣ್ಣದ ಕೆಳಗೆ ಹೆಸರು, ಸ್ವಲ್ಪ ದೊಡ್ಡ ಅಕ್ಷರ, ಯಾವ ಬಟ್ಟೆಗೆ ಒಪ್ಪುತ್ತದೆಂಬ ಒಂದು ಸಾಲು. ಅಷ್ಟು ಸಾಕು.

ಆ್ಯಪ್ ವಿನ್ಯಾಸ ಮಾಡಿದವನು ತಲೆ ಅಲ್ಲಾಡಿಸಿದ. ಮಾತೆತ್ತಿದರೆ 'ಕ್ಲೀನ್ ಲುಕ್' ಎನ್ನುತ್ತಿದ್ದುದರಿಂದ ಅವನಿಗೆ 'ಕ್ಲೀನಪ್ಪ' ಎಂದೇ ಹೆಸರು. ಅಕ್ಷರ ತುಂಬಿದರೆ ಅಂದ ಕೆಡುತ್ತದೆ ಎಂದ.

"ಅಂದ ನೋಡಿ ಯಾರೂ ಎರಡನೇ ಸಲ ಬರ್ತಿಲ್ಲ," ಎಂದಳು ಅವಳು. ತನ್ನ ಧ್ವನಿ ಕೇಳಿ ತಾನೇ ಬೆಚ್ಚಿದಳು. "ಇದು ವಾಪಸ್ ಬಂದ ದಾರದ ಕಟ್ಟಲ್ಲ ಮೇಡಮ್. ವಾಪಸ್ ಬರದೇ ಇರೋ ಗಿರಾಕಿಗಳದ್ದು."

ಮಾಲಕಿ ಕೆಟ್ಟವರಲ್ಲ. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವರು. "ಹನ್ನೆರಡಕ್ಕೊಬ್ಬ ಅಂತೀಯ. ಆ ಒಬ್ಬನ್ನ ತೋರ್ಸು ನೋಡೋಣ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಫೋನು ಹೋಗುತ್ತದೆ. ಮಾತಾಡಿ ಗೆದ್ದರೆ ಅವನಿಗೆ ಫೋನೇ ಬೇಕಾಗುವುದಿಲ್ಲ. ಹೇಗೆ ನೋಡಿದರೂ ಮಂಗಳವಾರ ಕೈತಪ್ಪುತ್ತದೆ...

'ಅವನಾದರೂ ತಾನೇ ದಾರ ಆರಿಸುವಂತಾಗಲಿ.'

ಒಬ್ಬರು ದರ್ಜಿ ಇದ್ದಾರೆ ಎಂದಳು. ಹೆಸರು ಹೇಳಲಿಲ್ಲ. ಬೀದಿ ಹೇಳಲಿಲ್ಲ. ಅಂಥವನು ನಮ್ಮಲ್ಲಿ ಏನು ಮಹಾ ತೆಗೆದುಕೊಂಡಾನು ಎಂದು ಮಾಲಕಿ ಮೂಗು ಮುರಿದಾಗ ಮಾತ್ರ ಅವಳಿಗೆ ಚುರುಕ್ಕೆಂದಿತು.

"ಹತ್ತು ವರ್ಷದಿಂದ ಬೇರೆ ಅಂಗಡಿ ಮೆಟ್ಲು ಹತ್ತಿಲ್ಲ ಅವರು. ನಮ್ಮಲ್ಲಿ ಎಡಗೈ ಕತ್ತರಿ ತಗೊಳ್ಳೋದು ಅವರೊಬ್ಬರೇ."

ಮಾಲಕಿ ಒಪ್ಪಿದರು; ಹೊಸ ಆ್ಯಪ್ ಬರುವವರೆಗೆ ಕೌಂಟರೂ ಫೋನೂ ಇರಲಿ ಎಂದರು.

ಎರಡು ತಿಂಗಳು ಅವಳು ಮುನ್ನೂರ ನಲವತ್ತು ದಾರಗಳಿಗೆ ಹೆಸರು ಬರೆದಳು. ಪ್ರತಿಯೊಂದಕ್ಕೂ ನೆಂಟಸ್ತಿಕೆಯ ಒಂದು ಸಾಲು ಸೇರಿಸಿದಳು. ಮಂಗಳವಾರದ ಫೋನುಗಳು ನಡೆದೇ ಇದ್ದವು. ಆ್ಯಪ್ ಬದಲಾಗುತ್ತಿರುವ ವಿಷಯ ಅವನಿಗೆ ಹೇಳಬೇಕೆಂದು ಪ್ರತಿ ವಾರ ಅಂದುಕೊಳ್ಳುವಳು. ಹೇಳಿದರೆ ಫೋನು ನಿಲ್ಲುವುದೆಂದು ನುಂಗಿಕೊಳ್ಳುವಳು. ಇನ್ನೂರ ಹದಿನೇಳು ಬಂದಾಗ ಆ ರೀಲನ್ನು ಪೆನ್ನಿಗೆ ತಾಗುವಂತೆ ಉರುಳಿಸಿ ನೋಡಿದಳು. ಆಮೇಲೆ 'ಮಂಗಳವಾರದ ಹಸಿರು' ಎಂದು ಬರೆದಳು. ಇದೆಂಥ ಹೆಸರು ಎಂದ ಕ್ಲೀನಪ್ಪ. ಪಕ್ಕದಲ್ಲೇ 'ಕಡು ಹಸಿರು' ಅಂತಲೂ ಇದೆಯಲ್ಲ, ಇರಲಿ ಬಿಡಿ ಎಂದಳು.

ಹೊಸ ಆ್ಯಪ್ ಬಂದ ದಿನ ಬಸ್ ಸ್ಟಾಪಿನಲ್ಲಿ ಅವಳ ಫೋನು ಕಂಪಿಸಿತು. ಕಂಪನಿ ಎಲ್ಲ ಗಿರಾಕಿಗಳಿಗೂ ಕಳಿಸಿದ ಸಂದೇಶ. ಬರೆದವನು ಕ್ಲೀನಪ್ಪ.

'ಕೆಂಪು, ಹಸಿರು ತಿಳಿಯದ ನಮ್ಮ ಎಡಗೈ ಕತ್ತರಿಯ ದರ್ಜಿಯೂ ಇನ್ನು ತಾವೇ ಬಣ್ಣ ಆರಿಸಬಲ್ಲರು!'

ಅವಳು ಅದನ್ನು ಮತ್ತೊಮ್ಮೆ ಓದಿದಳು. ಊರಿನಲ್ಲಿ ಎಡಗೈಯಲ್ಲಿ ಕೋಟು ಕತ್ತರಿಸುವ ದರ್ಜಿ ಒಬ್ಬನೇ. ಅದು ಅವನ ಹೆಸರಿಗಿಂತ ಹೆಚ್ಚು ಜನಕ್ಕೆ ಗೊತ್ತು. ಹೆಸರು ಬಚ್ಚಿಟ್ಟೆನೆಂದು ಬೀಗಿದ್ದಳು... ಅವನನ್ನೇ ಕೊಟ್ಟುಬಿಟ್ಟಿದ್ದಳು.

ಓಡುತ್ತಲೇ ಆಫೀಸಿಗೆ ಹೋಗಿ ಅದನ್ನು ಹಿಂದಕ್ಕೆ ತೆಗೆಯಿರಿ ಎಂದು ಬೇಡಿಕೊಂಡಳು. ಕ್ಲೀನಪ್ಪನಿಗೆ ತಾನು ಮಾಡಿದ್ದೇನೆಂಬುದೇ ತಿಳಿಯಲಿಲ್ಲ. ಹೋದ ಸಂದೇಶ ಹೋಯಿತು, ಅದನ್ನು ಹಿಂದಕ್ಕೆ ಕರೆಯಲಾಗದು ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದಿನವಿಡೀ ವಾಪಸ್ ಪಡೆಯುವುದೇ ಕೆಲಸವಾಗಿದ್ದವಳಿಗೆ ತನ್ನ ಒಂದು ವಾಕ್ಯವನ್ನು ವಾಪಸ್ ಪಡೆಯಲಾಗಲಿಲ್ಲ.

ಮಂಗಳವಾರ ಬಂತು. ಫೋನು ಸುಮ್ಮನಿತ್ತು.

ಮರುದಿನ ಅವಳು ರಜೆ ಹಾಕಿ ಅವನ ಅಂಗಡಿ ಹುಡುಕಿಕೊಂಡು ಹೋದಳು. ಬಾಗಿಲಲ್ಲಿ ಅವನ ಅಕ್ಕ, ಬೆರಳಿನಿಂದ ತಡವಿ ತಡವಿ ಗುಂಡಿಯ ಕಾಜ ಹೊಲಿಯುತ್ತಿದ್ದಳು. ವಿಷಯ ಹೇಳಿದ್ದು ಅವಳೇ. ಮದುವೆಯವರು ಬಂದು ಅರ್ಧ ಹೊಲಿದ ಕೋಟನ್ನು ಮಡಚಿಕೊಂಡು ಹೋದರಂತೆ. ಅವರ ಹಿಂದೆಯೇ ಇನ್ನಿಬ್ಬರು.

ಅವನು ಮೆಷಿನ್ನಿನ ಮುಂದೆ ಕೈಕಟ್ಟಿ ಕೂತಿದ್ದ. ತಲೆ ಎತ್ತಲಿಲ್ಲ.

"ನಾನು ನಿಮ್ಮ ಹೆಸರು ಹೇಳಿರ್ಲಿಲ್ಲ..." ಎಂದಳು.

"ನನ್ನ ಕತ್ತರಿ ಹೇಳಿದ್ರಲ್ಲ."

ಅವಳ ಕಣ್ಣು ಮೇಜಿನ ಮೇಲಿದ್ದ ಕತ್ತರಿಯ ಕಡೆ ಹೋಯಿತು.

"ಇಷ್ಟು ದಿನ ಫೋನ್ ಎತ್ತಿದ್ದು ಇದಕ್ಕಾ?" ಅವನ ಧ್ವನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಮೀಟಿಂಗಿಗೆ ತೋರ್ಸೋಕೆ ಒಬ್ಬ ಗಿರಾಕಿ ಬೇಕಿತ್ತು, ಅಲ್ವಾ? ನಾನೇನೇನೋ ಅಂದ್ಕೊಂಡಿದ್ದೆ."

ಅವಳು 'ಇಲ್ಲ' ಎನ್ನಬೇಕಿತ್ತು. 'ನಾನೂ ಏನೇನೋ ಅಂದುಕೊಂಡಿದ್ದೆ' ಎನ್ನಬೇಕಿತ್ತು. ತುಟಿ ಅಲುಗಿತು, ಅಷ್ಟೆ. ಅಕ್ಕ ಮಂಜುಗಣ್ಣಿನಲ್ಲೇ ಅವಳನ್ನು ನೋಡುತ್ತಿದ್ದಳು. ಅವಳು ಮೆಟ್ಟಿಲಿಳಿದು ಬಂದುಬಿಟ್ಟಳು.

ಆಫೀಸಿನಲ್ಲಿ ಎಲ್ಲವೂ ಸರಿಹೋಯಿತು. ವಾಪಸ್ ಬರುವ ದಾರ ಕಡಿಮೆಯಾಯಿತು, ಬಿಟ್ಟುಹೋದ ಗಿರಾಕಿಗಳು ಮರಳಿದರು, ಕೌಂಟರು ಉಳಿಯಿತು. ವಾಪಸಮ್ಮ ಗೆದ್ದಳು ಎಂದರು ಎಲ್ಲರೂ. ಮಾಲಕಿ ಅವಳ ಬೆನ್ನು ತಟ್ಟಿದರು. ಆ ಸಂದೇಶದಿಂದ ಒಬ್ಬನ ಬದುಕು ಮುರಿಯಿತು ಎಂದು ಅವಳು ಹೇಳಿದಾಗ ತಟ್ಟಿದ ಕೈ ಹಿಂದೆಳೆದುಕೊಂಡರು. ಮತ್ತೊಂದು ಸಂದೇಶ ಕಳಿಸಿ ಕ್ಷಮೆ ಕೇಳೋಣವೇ ಎಂದರು. ಬೇಡ, ಅದು ಗಾಯಕ್ಕೆ ಮತ್ತೆ ದೀಪ ಹಿಡಿದಂತೆ ಎಂದಳು.

ಅವನ ನಂಬರು ಅವಳ ಪುಸ್ತಕದಲ್ಲಿತ್ತು. ಏಳು ಮಂಗಳವಾರ ಆ ಪುಟ ತೆರೆದಳು, ಮುಚ್ಚಿದಳು. ಯಾವ ಹಕ್ಕಿನಿಂದ ಮಾತಾಡುವುದು? ಫೋನು ಹೊಡೆದುಕೊಂಡರೆ ಬರೆಯುತ್ತಿದ್ದುದನ್ನು ಬಿಟ್ಟು ಓಡುವಳು. ಎತ್ತಿದರೆ ಯಾರದೋ ಜಿಪ್ಪಿನ ಅಳತೆ...

ಎಂಟನೆಯ ಮಂಗಳವಾರ ತಲೆ ತಗ್ಗಿಸಿ ಬರೆಯುತ್ತಿದ್ದಾಗ ಒಂದು ರೀಲು ಉರುಳಿಕೊಂಡು ಬಂದು ಅವಳ ಪೆನ್ನಿಗೆ ತಾಗಿತು.

ಕಡು ಹಸಿರು.

ತಲೆ ಎತ್ತಿದಳು. ಅವನು ಸೊರಗಿದ್ದ.

ಹೋದವಾರ ಊರಿನ ಹಿರಿಯ ದರ್ಜಿಯೊಬ್ಬರು ಅವನ ಅಂಗಡಿಗೆ ಹಿತ್ತಲ ಬಾಗಿಲಿನಿಂದ ಬಂದಿದ್ದರಂತೆ. ಮೇಜಿನ ಮೇಲಿನ ದಾರಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರಂತೆ. ಕೊನೆಗೆ ಬಾಯಿಬಿಟ್ಟರಂತೆ.

"'ನಂಗೂ ಹಾಗೇ ಕಣಪ್ಪ' ಅಂದ್ರು," ಎಂದ ಅವನು. "'ನಲವತ್ತು ವರ್ಷ ನನ್ನವಳು ದಾರ ಆರಿಸಿಕೊಟ್ಟಳು. ಅವಳು ಹೋದ್ಮೇಲೆ ಬರೀ ಕಪ್ಪು ಬಿಳುಪು ಹೊಲೀತಿದೀನಿ. ನಿಂದು ಓದಿದ ಮೇಲೆ ಗೊತ್ತಾಯ್ತು, ನಾನೊಬ್ಬನೇ ಅಲ್ಲ ಅಂತ' ಅಂದ್ರು."

ಆ ಮುದುಕರಿಗೆ ಕಲಿಸಲೆಂದು ಅವನು ಹಟ ಬಿಟ್ಟು ಮೊದಲ ಸಲ ಹೊಸ ಆ್ಯಪ್ ತೆರೆದ. ಇಬ್ಬರೂ ಒಂದೊಂದೇ ಹೆಸರು ಓದಿದರು. ನೀಲಿಗೆ ಸ್ವಂತ ತಂಗಿ. ಕಂದಿಗೆ ಬರೀ ನಾದಿನಿ. ಅವನಿಗೆ ಪ್ರತಿ ಸಾಲಿನಲ್ಲೂ ಅವಳ ಧ್ವನಿ ಕೇಳಿಸಿತು. ಮುನ್ನೂರ ನಲವತ್ತು ಸಲ. ಇನ್ನೂರ ಹದಿನೇಳಕ್ಕೆ ಬಂದಾಗ, ಇದೆಂಥ ಬಣ್ಣವಯ್ಯಾ ಎಂದು ಕೇಳಿದರು ಮುದುಕರು. ಅವನು ಪಕ್ಕದ 'ಕಡು ಹಸಿರು' ತೋರಿಸಿ, ಅದನ್ನೇ ಒತ್ತಿದ.

"ಹೋದ ಗಿರಾಕಿಗಳು ಹೋದ್ರು," ಎಂದ. "ಇನ್ನೂ ಎಷ್ಟು ಜನ ಹೋಗ್ತಾರೋ ಗೊತ್ತಿಲ್ಲ."

"ನಾನು ಕೊಟ್ಟ ಮಾತು ಮುರಿದೆ."

"ಮುರಿದ್ರಿ." ಅವನು ಅದನ್ನು ಮೆತ್ತಗೆ ಮಾಡಲಿಲ್ಲ. "ನಾನೂ ನಿಮ್ಮ ಬಾಯಿಂದ ಏನೂ ಕೇಳ್ದೆ ತೀರ್ಪು ಕೊಟ್ಟೆ."

ಅವಳ ಕಣ್ಣು ತುಂಬಿತು. ಏನು ಮಾಡುವುದೆಂದು ತೋಚದೆ, ಅಭ್ಯಾಸಬಲದಿಂದ ಒಂದು ಫಾರಮ್ಮು ಎಳೆದುಕೊಂಡಳು. "ರೀಲು... ಕಾರಣ ಏನಂತ ಹಾಕ್ಲಿ?"

"ಬಣ್ಣ ಸರಿಯಾಗೇ ಇದೆ. ನಾನೇ ಆರಿಸಿದ್ದು, ಹೆಸರು ನೋಡಿ." ಅವನ ಎಡಗೈ ರೀಲಿನ ಮೇಲೆಯೇ ಇತ್ತು. "ಇನ್ನು ಫೋನ್ ಮಾಡೋ ಅಗತ್ಯ ಇಲ್ಲ ನಂಗೆ. ಎಲ್ಲ ಬರೆದಿಟ್ಟಿದೀರ. ಆದ್ರೂ ಮಂಗಳವಾರ ಬಂದ್ರೆ ಕೈ ಫೋನಿನ ಕಡೆಗೇ ಹೋಗುತ್ತೆ. ನಿಮ್ಮ ಫಾರಮ್ಮಿನ ಆರು ಕಾರಣದಲ್ಲಿ ಇದು ಯಾವುದೂ ಅಲ್ಲ... ಕಾರಣ ಇಲ್ದೆ ಬಂದಿದ್ದನ್ನ ತಗೊಳ್ತೀರಾ?"

ಅವಳು ಫಾರಮ್ಮನ್ನು ನಾಲ್ಕು ಮಡಿಕೆ ಮಡಚಿದಳು. ಎಂದಿನಂತೆ ಮತ್ತೆ ಬಿಚ್ಚಿ ನೋಡಲಿಲ್ಲ.

"ತಗೊಂಡ್ರೆ ಮತ್ತೆ ವಾಪಸ್ ಕೊಡಲ್ಲ," ಎಂದಳು.

"ಕೇಳಲ್ಲ," ಎಂದ ಅವನು.